ಅಟ್ಟದ ಮೇಲಿನ ಪ್ಲೇಟು

ಇವತ್ತು ರಾಜಕೀಯಕ್ಕೆ ಸ್ವಲ್ಪ ರಜೆ ಕೊಡೋಣ. ಹಾಡಿನ ವಿಷಯ ಮಾತಾಡೋಣ.

2022ರ ಜುಲೈನಲ್ಲಿ ಅಮೆರಿಕದಲ್ಲಿ ಒಂದು ಗಲಾಟೆ ಆಯಿತು. ಮೊಬೈಲ್ ಫಿಡೆಲಿಟಿ ಅಂತ ಒಂದು ಕಂಪನಿ ಇದೆ. ಹಳೆಯ ಆಲ್ಬಂಗಳನ್ನು ವಿನೈಲ್ ರೆಕಾರ್ಡ್ ಆಗಿ ಮತ್ತೆ ಅಚ್ಚು ಹಾಕಿ ಮಾರುವುದು ಅದರ ಕಸುಬು. ದುಬಾರಿ ಸರಣಿಯಲ್ಲಿ ಒಂದೊಂದಕ್ಕೆ 125 ಡಾಲರ್. ಆಗಿನ ಲೆಕ್ಕದಲ್ಲಿ ಹತ್ತಿರ ಹತ್ತು ಸಾವಿರ ರೂಪಾಯಿ! ಮೂಲ ಟೇಪಿನಿಂದ ನೇರವಾಗಿ ತೆಗೆದದ್ದು, ನಡುವೆ ಡಿಜಿಟಲ್ ಸೋಂಕೇ ಇಲ್ಲ ಅನ್ನುವುದು ಕೊಳ್ಳುವವರ ನಂಬಿಕೆಯಾಗಿತ್ತು. ಕಂಪನಿ ಮೈಕೆಲ್ ಜಾಕ್ಸನ್‌ನ 'ಥ್ರಿಲ್ಲರ್' ಆಲ್ಬಂ ಅನ್ನು 40,000 ಪ್ರತಿ ತರುತ್ತೇವೆ ಅಂತ ಪ್ರಕಟಿಸಿತು. ಆಗ ಕೆಲವರಿಗೆ ಅನುಮಾನ ಬಂತು. ಅಷ್ಟೊಂದು ಪ್ರತಿ ಮಾಡೋಕೆ ಆ ಹಳೇ ಟೇಪನ್ನು ಎಷ್ಟು ಸಲ ಓಡಿಸಬೇಕು? ಟೇಪ್ ಸವೆದುಹೋಗಲ್ವಾ? ಫೀನಿಕ್ಸ್ ನಗರದ ಒಬ್ಬ ರೆಕಾರ್ಡ್ ಅಂಗಡಿಯವರು ಈ ಮಾತನ್ನು ಬಹಿರಂಗವಾಗಿ ಎತ್ತಿದರು. ಕೊನೆಗೆ ಕಂಪನಿಯ ಎಂಜಿನಿಯರುಗಳೇ ಒಪ್ಪಿಕೊಂಡರು: 2011ರಿಂದಲೇ ಹಲವು ರೆಕಾರ್ಡುಗಳಿಗೆ ನಡುವೆ ಒಂದು ಡಿಜಿಟಲ್ ಹಂತ ಇತ್ತು. ವಿಷಯ ಕೋರ್ಟ್ ಮೆಟ್ಟಿಲೇರಿತು.

ಮೋಸ ಹೋದೆವು ಅಂತ ಗ್ರಾಹಕರು ಸಿಟ್ಟಾದದ್ದು ಸರಿಯೇ. ಆದರೆ ಒಂದು ಪ್ರಶ್ನೆ ಉಳೀತು. ಹನ್ನೊಂದು ವರ್ಷ ಆ ರೆಕಾರ್ಡುಗಳನ್ನು ಕೇಳಿ, "ಆಹಾ, ಅನಲಾಗ್ ಅಂದ್ರೆ ಇದು" ಅಂದವರ ಕಿವಿಗೆ ಯಾಕೆ ಗೊತ್ತಾಗಲಿಲ್ಲ?

ಉತ್ತರ ಸರಳ. ಗೊತ್ತಾಗುವಂಥ ವ್ಯತ್ಯಾಸ ಇರಲಿಲ್ಲ. ನಾನು ಎಂಜಿನಿಯರಿಂಗ್ ಓದಿದವನು, ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ. 1982ರಲ್ಲಿ ಬಂದ ಸಿ.ಡಿ. ಒಂದು ಸೆಕೆಂಡಿಗೆ 44,100 ಸಲ ಧ್ವನಿಯನ್ನು ಅಳೆದು ಅಂಕಿಯಾಗಿ ಬರೆದಿಡುತ್ತೆ. ಹೀಗೆ ತುಂಡು ಮಾಡಿದರೆ ನಡುವಿನ ಸಂಗೀತ ಬಿಟ್ಟುಹೋಗುತ್ತೆ ಅಂತ ತುಂಬ ಜನ ತಿಳಿದಿದ್ದಾರೆ. ಹಾಗೇನೂ ಆಗಲ್ಲ. ಧ್ವನಿಯಲ್ಲಿರುವ ಅತಿ ವೇಗದ ಕಂಪನದ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆದರೆ ಮೂಲ ಅಲೆಯನ್ನು ಮತ್ತೆ ಕಟ್ಟಬಹುದು ಅನ್ನುವುದು ಗಣಿತ. ಮನುಷ್ಯನ ಕಿವಿಗೆ ಕೇಳಿಸುವುದು ಸೆಕೆಂಡಿಗೆ ಸುಮಾರು 20,000 ಕಂಪನದವರೆಗೆ ಮಾತ್ರ. ಲೆಕ್ಕ ಸರಿಹೋಯಿತಲ್ಲ?

ಇನ್ನು ವಿನೈಲ್ ನೋಡಿ. ಧೂಳು ಕೂತರೆ ಚಟಪಟ ಸದ್ದು. ಹಾಡು ಪ್ಲೇಟಿನ ಒಳಗಡೆಗೆ ಹೋದಂತೆ ಸುತ್ತು ಚಿಕ್ಕದಾಗುತ್ತೆ, ಅಷ್ಟೇ ಹೊತ್ತಿನ ಹಾಡು ಇನ್ನೂ ಕಡಿಮೆ ಜಾಗದಲ್ಲಿ ಕೂರಬೇಕು. ಹಾಗಾಗಿ ಕೊನೆಯ ಹಾಡು ಮೊದಲ ಹಾಡಿನಷ್ಟು ಸ್ವಚ್ಛವಾಗಿ ಬರೋದು ಕಷ್ಟ. ಸ್ಪಷ್ಟತೆಯ ಪಂದ್ಯ ಇಟ್ಟರೆ ಡಿಜಿಟಲ್ಲೇ ಗೆಲ್ಲೋದು.

ಹಾಗಿದ್ದರೂ ಅದೇ 2022ರಲ್ಲಿ ಅಮೆರಿಕದಲ್ಲಿ ಸುಮಾರು 4.1 ಕೋಟಿ ವಿನೈಲ್ ರೆಕಾರ್ಡು ಹೋದವು, ಸಿ.ಡಿ. 3.3 ಕೋಟಿ. 1987ರ ನಂತರ ಸಂಖ್ಯೆಯಲ್ಲಿ ವಿನೈಲ್ ಮುಂದೆ ಬಂದದ್ದು ಅದೇ ಮೊದಲು. ಅದಕ್ಕಿಂತ ಆಶ್ಚರ್ಯ ಇನ್ನೊಂದಿದೆ. ಮುಂದಿನ ವರ್ಷ ಲುಮಿನೇಟ್ ಸಂಸ್ಥೆ ಅಲ್ಲಿನ ಗ್ರಾಹಕರ ಸಮೀಕ್ಷೆ ಪ್ರಕಟಿಸಿತು. ವಿನೈಲ್ ಕೊಂಡವರಲ್ಲಿ ಅರ್ಧದಷ್ಟು ಜನರ ಹತ್ತಿರ ಮಾತ್ರ ಪ್ಲೇಯರ್ ಇತ್ತು! ಉಳಿದರ್ಧ ಜನ ಕೇಳೋದಕ್ಕೆ ಕೊಂಡಿಲ್ಲ. ಇಟ್ಟುಕೊಳ್ಳೋದಕ್ಕೆ ಕೊಂಡಿದ್ದಾರೆ.

ಇದನ್ನು ಬರೀ ಶೋಕಿ ಅಂತ ನಗಬೇಡಿ. ಇವತ್ತು ಫೋನಿನಲ್ಲಿ ಹಾಡು ಕೇಳೋದು ಬಾಡಿಗೆ ಮನೆಯಲ್ಲಿ ಇದ್ದಂತೆ. ತಿಂಗಳ ದುಡ್ಡು ನಿಂತರೆ ಹಾಡೂ ನಿಂತಿತು. ಕಂಪನಿ ಕಂಪನಿಗಳ ಒಪ್ಪಂದ ಮುರಿದರೆ ನಿಮ್ಮ ಮೆಚ್ಚಿನ ಹಾಡು ಪಟ್ಟಿಯಿಂದ ಮಾಯ. ಪ್ಲೇಟು ಹಾಗಲ್ಲ. ಒಮ್ಮೆ ಕೊಂಡರೆ ಅದು ನಿಮ್ಮ ಸ್ವಂತ ಆಸ್ತಿ.

ಜೊತೆಗೆ ಒಂದು ತಾಂತ್ರಿಕ ಕಾರಣವೂ ಇದೆ. ಡಿಜಿಟಲ್ ಫೈಲ್ ಅಂದರೆ ಅಂಕಿಗಳ ರಾಶಿ. ಅದನ್ನು ಓದುವ ಸಾಫ್ಟ್‌ವೇರ್, ಯಂತ್ರ ಎರಡೂ ಜೀವಂತ ಇರಬೇಕು. ಇಪ್ಪತ್ತೈದು ವರ್ಷದ ಹಿಂದಿನ ಫ್ಲಾಪಿ ಕೈಗೆ ಕೊಟ್ಟರೆ ಇವತ್ತು ನಮ್ಮಲ್ಲಿ ಎಷ್ಟು ಜನ ಓದಿಯಾರು? ಪ್ಲೇಟಿನ ಗೀರಿನಲ್ಲಿ ಇರೋದು ಧ್ವನಿಯ ಅಲೆಯ ಆಕಾರವೇ. ತಿರುಗಿಸಿ, ಸರಿಯಾದ ಮುಳ್ಳು ಇಟ್ಟರೆ ಸಾಕು, ದನಿ ಬರುತ್ತೆ. ಪಾಸ್‌ವರ್ಡ್ ಬೇಡ.

ಗೌಹರ್ ಜಾನ್ ಅವರನ್ನೇ ತೆಗೆದುಕೊಳ್ಳಿ. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತಾದಲ್ಲಿ ಅವರ ದನಿ ಮುದ್ರಿಸಿಕೊಂಡರು. ಆಗ ಮೈಕ್ ಇಲ್ಲ, ವಿದ್ಯುತ್ ಇಲ್ಲ. ದೊಡ್ಡ ಕಹಳೆಯಂಥ ಕೊಳವೆಯೊಳಗೆ ಮುಖ ಹತ್ತಿರ ಇಟ್ಟು ಹಾಡಬೇಕು. ಗಂಟೆಗಟ್ಟಲೆ ಬೆಳೆಯುವ ರಾಗವನ್ನು ಮೂರು ನಿಮಿಷದೊಳಗೆ ಹಿಡಿದಿಡಬೇಕು. ಹಾಡಿನ ಕೊನೆಗೆ ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದರು. ಪ್ಲೇಟು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಯಾರ ಹಾಡು ಅಂತ ಅಲ್ಲಿನ ಕೆಲಸಗಾರರಿಗೆ ಗೊತ್ತಾಗಬೇಕಿತ್ತಲ್ಲ.

ಆ ಕಾಲದ ಪ್ಲೇಟಿನ ಮುಖ್ಯ ಅಂಟು ಅರಗು. ಮುತ್ತುಗದಂಥ ಮರಗಳ ಮೇಲೆ ಪುಟ್ಟ ಕೀಟ ಕಟ್ಟುವ, ನಮ್ಮ ದೇಶದಲ್ಲಿ ಹೇರಳವಾಗಿ ಸಿಗುವ ಅರಗು. ಗೌಹರ್ ಜಾನ್ ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಮೈಸೂರಿಗೆ ಬಂದರು. 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡರು. ಆದರೆ ಅವರ ದನಿ ಇವತ್ತಿಗೂ ಕೇಳುತ್ತೆ. ಯಾಕೆ? ಯಾರದೋ ಮನೆಯಲ್ಲಿ, ಯಾರೋ ಆ ಪ್ಲೇಟನ್ನು ಎಸೆಯದೆ ಇಟ್ಟುಕೊಂಡಿದ್ದರು. ಅವರ ಜೀವನಚರಿತ್ರೆ ಬರೆದ ಬೆಂಗಳೂರಿನ ವಿಕ್ರಂ ಸಂಪತ್, ಇಂಥ ಹಳೆಯ ಪ್ಲೇಟುಗಳನ್ನು ಹುಡುಕಿ ಡಿಜಿಟಲ್ ಮಾಡಿ ಎಲ್ಲರಿಗೂ ಕೇಳಿಸಲು ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಕಟ್ಟಿದರು. ಇಲ್ಲಿ ಅನಲಾಗ್, ಡಿಜಿಟಲ್ ಅಂತ ಜಗಳವೇ ಇಲ್ಲ ನೋಡಿ. ನೂರು ವರ್ಷ ಕಾಪಾಡಿದ್ದು ಪ್ಲೇಟು. ಊರಿಗೆಲ್ಲ ಹಂಚಿದ್ದು ಡಿಜಿಟಲ್.

ಈಗ ನಮ್ಮ ಮನೆಗೆ ಬರೋಣ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ', 1934ರದು. ಇವತ್ತು ಅದರ ಪ್ರಿಂಟ್ ಉಳಿದಿಲ್ಲ. ಒಂದು ಭಾಷೆಯ ಮೊದಲ ಮಾತಿನ ಸಿನಿಮಾ ಸ್ವಾಮಿ! ಅದನ್ನು ಕಳಕೊಂಡು ಕೂತಿದ್ದೇವೆ. ಕಂಪನಿ ನಾಟಕದ ಹಾಡು, ಹರಿಕಥೆ, ದೇವರನಾಮಗಳ 78 ಸುತ್ತಿನ ಪ್ಲೇಟುಗಳಿಗೂ ಇದೇ ಗತಿ ಬರಬಾರದು. ಅವು ಎಲ್ಲಿವೆ? ಅಟ್ಟದ ಮೇಲೆ, ಅಜ್ಜನ ಟ್ರಂಕಿನಲ್ಲಿ, ಹಳೇ ಕ್ಯಾಲೆಂಡರುಗಳ ಕೆಳಗೆ ಇರಬಹುದು. ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವ ದಿನ ಗುಜರಿಯವನ ಗಾಡಿ ಹತ್ತುತ್ತವೆ. ಯಾವ ಸರ್ಕಾರದ ಆದೇಶವೂ ಅದನ್ನು ತಡೆಯಲ್ಲ. ತಡೆಯಬೇಕಾದವರು ನಾವು.

ಹಾಗಾಗಿ ಮೂರು ಮಾತು. ಒಂದು, ಹಳೇ ಕಪ್ಪು ಪ್ಲೇಟು ಸಿಕ್ಕರೆ ಸ್ಪಿರಿಟ್ ಹಾಕಿ ಒರೆಸಬೇಡಿ. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತೆ, ಹಾಡೂ ಜೊತೆಗೆ ಹೋಗುತ್ತೆ. ಮೆತ್ತನೆಯ ಒಣ ಬ್ರಶ್ಶಿನಿಂದ ಧೂಳು ತೆಗೆಯಿರಿ. ಎರಡು, ಒಂದರ ಮೇಲೊಂದು ಪೇರಿಸದೆ ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ. ಬಿಸಿಲು ತಾಗಿಸಬೇಡಿ, ಕೈ ಜಾರಿಸಬೇಡಿ. ಅರಗಿನ ಪ್ಲೇಟು ಬಿದ್ದರೆ ಹಪ್ಪಳದಂತೆ ಒಡೆಯುತ್ತೆ. ಮೂರು, ಕೈಗೆ ಸಿಕ್ಕ ಮುಳ್ಳು ಇಟ್ಟು ನುಡಿಸಬೇಡಿ. 78ರ ಗೀರು ಅಗಲ, ಎಲ್.ಪಿ.ಯ ಗೀರು ಸಣ್ಣದು. ಗೊತ್ತಿದ್ದವರ ಕೈಲಿ ಒಮ್ಮೆ ಡಿಜಿಟಲ್ ಮಾಡಿಸಿ. ಮಾಡಿಸಿದ ಮೇಲೂ ಪ್ಲೇಟನ್ನು ಬಿಸಾಡಬೇಡಿ.

ಯಾವುದು ಒಳ್ಳೇದು, ವಿನೈಲೋ ಡಿಜಿಟಲ್ಲೋ ಅನ್ನುವ ಚರ್ಚೆ ನಡೆಯಲಿ, ನನ್ನ ತಕರಾರಿಲ್ಲ. ಆದರೆ ಈ ಭಾನುವಾರ ಅರ್ಧ ಗಂಟೆ ಬಿಡುವು ಮಾಡಿಕೊಂಡು ಒಮ್ಮೆ ಅಟ್ಟ ಹತ್ತಿ. ಪ್ಲೇಟು ಸಿಕ್ಕರೆ ನಡುವಿನ ಕಾಗದದ ಮೇಲೆ ಹಾಡಿದವರ ಹೆಸರು ಇರುತ್ತೆ. ಮನೆಯ ಮಕ್ಕಳ ಕೈಲಿ ಅದನ್ನು ಓದಿಸಿ.