ಮನೆಯ ಮಡಿಯೂ ಹೊಳೆಯ ಮಡಿಯೂ



ಮನೆಯನ್ನು ಗುಡಿಸಿ ಸಾರಿಸುವುದು, ಬಟ್ಟೆಯನ್ನು ಒಗೆಯುವುದು, ಇವೂ ಭಾಷಣಕ್ಕೆ ತಕ್ಕ ವಿಷಯಗಳೆ ಎಂದು ಕೆಲವರು ನಗಬಹುದು. ಕಾಲೇಜಿನಲ್ಲಿ ಪಾಠ ಹೇಳುವ ನಮ್ಮಂಥವರ ಬಾಯಿಂದ ಈ ಮಾತು ಬಂದರೆ ಆ ನಗೆ ಇನ್ನಷ್ಟು ಹೆಚ್ಚೀತು. ಷೇಕ್ಸ್‌ಪಿಯರನ ನಾಟಕದ ರಾಣಿಯೊಬ್ಬಳು ಎಷ್ಟು ತೊಳೆದರೂ ಕೈಯ ಕಲೆ ಹೋಗಲಿಲ್ಲವೆಂಬುದನ್ನು ನಾವು ಗಂಟೆಗಟ್ಟಲೆ ವಿವರಿಸಬಲ್ಲೆವು; ನಮ್ಮ ಪಂಚೆಯ ಕಲೆ ಹೇಗೆ ಹೋಗುತ್ತದೆಂಬುದನ್ನು ಮಾತ್ರ ಬಹುಕಾಲ ಅರಿಯದೆ ಇದ್ದೆವು. ಆ ಅಜ್ಞಾನಕ್ಕೆ ಒಂದು ಒಳ್ಳೆಯ ಪಂಚೆಯನ್ನು ದಂಡವಾಗಿ ತೆತ್ತ ಮೇಲೆ ಕಲಿತುಕೊಂಡ ನಾಲ್ಕು ಮಾತುಗಳನ್ನು ಈ ಹೊತ್ತು ತಮ್ಮ ಮುಂದೆ ಇಡುತ್ತೇವೆ.

ನಮ್ಮ ವಾಸ ಹೊಸಪೇಟೆಯ ಬಳಿಯ ಟಿ.ಬಿ. ಡ್ಯಾಂ. ೧೯೪೫ರಲ್ಲಿ ಶಂಕುಸ್ಥಾಪನೆಯಾಗಿ, ೧೯೫೩ರಲ್ಲಿ ಕಾಲುವೆಗೆ ನೀರು ಹರಿಸಿದ ತುಂಗಭದ್ರಾ ಅಣೆಕಟ್ಟು ನಮಗೆ ಕೂಗಳತೆಯ ದೂರ. ಇಷ್ಟು ದೊಡ್ಡ ಜಲಾಶಯದ ಮಗ್ಗುಲಲ್ಲಿ ಇರುವವರಿಗೆ ನೀರಿನ ಮಿತವ್ಯಯವೇಕೆ ಎಂದು ನಾವೂ ಒಮ್ಮೆ ಭಾವಿಸಿದ್ದುಂಟು. ಆದರೆ ಮೊದಲು ಸುಮಾರು ೧೩೩ ಟಿ.ಎಂ.ಸಿ. ಅಡಿ ನೀರು ಹಿಡಿಯುತ್ತಿದ್ದ ಈ ಜಲಾಶಯ, ಹೂಳು ತುಂಬಿ ಈಗ ಸುಮಾರು ೧೦೫ ಟಿ.ಎಂ.ಸಿ. ಅಡಿಗೆ ಇಳಿದಿದೆ. ೨೦೨೪ರ ಆಗಸ್ಟ್ ೧೦ರ ರಾತ್ರಿ ಹತ್ತೊಂಬತ್ತನೆಯ ಗೇಟಿನ ಸರಪಣಿ ಕಡಿದು ಗೇಟು ಕೊಚ್ಚಿಹೋದಾಗ, ತುಂಬಿದ ನೀರು ಕಣ್ಣೆದುರಿಗೆ ಹರಿದು ಹೋಗುವುದನ್ನು ನೋಡಿದೆವು. ಆ ದಿನಗಳಲ್ಲಿ ನಮ್ಮೂರಿನಲ್ಲಿ ಒಂದು ಬಿಂದಿಗೆ ನೀರನ್ನೂ ಯಾರೂ ಹಗುರವಾಗಿ ಚೆಲ್ಲಲಿಲ್ಲ.

ಮತ್ತೊಂದು ಮಾತು. ಈಚಿನ ಕೆಲವು ವರ್ಷಗಳಲ್ಲಿ ಜಲಾಶಯದ ನೀರು ಒಮ್ಮೊಮ್ಮೆ ಪಚ್ಚೆಯ ಬಣ್ಣಕ್ಕೆ ತಿರುಗುತ್ತಿದೆ. ಅದು ಪಾಚಿಯ ಜಾತಿಗೆ ಸೇರಿದ ಸೂಕ್ಷ್ಮಜೀವಿಗಳ ಹೆಚ್ಚಳ. ಹೊಲಗಳ ರಸಗೊಬ್ಬರ, ಊರುಗಳ ಕೊಚ್ಚೆ, ಬಟ್ಟೆ ಒಗೆದ ನೀರು, ಇವುಗಳಲ್ಲಿರುವ ಸಾರಜನಕ ಮತ್ತು ಫಾಸ್ಫೇಟುಗಳು ಇಂಥ ಪಾಚಿಗೆ ಆಹಾರ. ತಪ್ಪೆಲ್ಲವನ್ನೂ ಡಿಟರ್ಜೆಂಟ್ ಪುಡಿಯ ತಲೆಗೆ ಕಟ್ಟುವುದು ಅನ್ಯಾಯ. ಅದರ ಪಾಲೂ ಉಂಟೆಂಬುದು ನಿಜ. ನೀರಿನ ಗಡಸುತನ ಕಳೆಯಲೆಂದು ಇಂಥ ಅನೇಕ ಪುಡಿಗಳಲ್ಲಿ ಫಾಸ್ಫೇಟನ್ನು ಸೇರಿಸುತ್ತ ಬಂದಿದ್ದಾರೆ. ಈರೀ ಮೊದಲಾದ ಮಹಾಸರೋವರಗಳು ಪಾಚಿಗಟ್ಟಿದಾಗ ಅಮೆರಿಕ, ಕೆನಡಾ ದೇಶಗಳೆರಡೂ ೧೯೭೨ರಲ್ಲಿ ಒಪ್ಪಂದ ಮಾಡಿಕೊಂಡು ಫಾಸ್ಫರಸ್ಸಿಗೆ ಕಡಿವಾಣ ಹಾಕಬೇಕಾಯಿತು. ಶಿವಮೊಗ್ಗ, ಭದ್ರಾವತಿ, ಹರಿಹರಗಳ ಬಚ್ಚಲು ನೀರಿನ ಪಾಲು ನಮ್ಮ ಜಲಾಶಯಕ್ಕೆ ಬರುತ್ತದೆ. ನಾವು ಚೆಲ್ಲಿದ್ದು ಇಳಿಜಾರು ಹಿಡಿದು ಹಂಪೆಯ, ಕಂಪ್ಲಿಯ ಕಡೆಗೆ ಸಾಗುತ್ತದೆ. ಆದಕಾರಣ ಕೊಳೆ ತೊಳೆಯುವುದೆಂದರೆ ಕೊಳೆಯನ್ನು ಇಲ್ಲವಾಗಿಸುವುದಲ್ಲ, ಅದನ್ನು ಮತ್ತೊಬ್ಬರ ಬಾಗಿಲಿಗೆ ಕಳುಹಿಸುವುದು. ಅದರೊಡನೆ ನಾವು ಏನನ್ನು ಕೂಡಿಸಿ ಕಳುಹಿಸುತ್ತೇವೆಂಬುದೇ ಪ್ರಶ್ನೆ.

ಈಗ ಪಂಚೆಯ ಕಥೆ. ಒಮ್ಮೆ ಸಂಡೂರಿನ ಕುಮಾರಸ್ವಾಮಿ ದೇವಾಲಯಕ್ಕೆ ಬಿಳಿಯ ಪಂಚೆಯುಟ್ಟು ಹೋಗಿದ್ದೆವು. ಅಲ್ಲಿಯ ಬೆಟ್ಟಗಳು ಕಬ್ಬಿಣದ ಅದಿರಿನ ಬೆಟ್ಟಗಳು. ಹಿಂದಿರುಗುವಾಗ ಪಂಚೆ ಕಾವಿಯಾಗಿತ್ತು. ಮನೆಗೆ ಬಂದೊಡನೆ ಅದನ್ನು ನೀರಿನಲ್ಲಿ ಅದ್ದಿ, ಪುಡಿ ಸುರಿದು, ಕಲೆ ಹೋಗದಿರಲು ಬ್ಲೀಚಿಂಗ್ ಪುಡಿಯನ್ನೂ ಧಾರಾಳವಾಗಿ ಹಾಕಿದೆವು. ಕಲೆ ಇನ್ನಷ್ಟು ಬಲವಾಗಿ ಕೂತಿತು. ಎರಡು ಕಡೆ ಬಟ್ಟೆಯೇ ಪಿಸಿಯಿತು. ನಮ್ಮ ಬೀದಿಯ ಮಡಿವಾಳ ವೃದ್ಧರೊಬ್ಬರು ಅದನ್ನು ನೋಡಿ, “ಮೇಷ್ಟ್ರೆ, ಧೂಳಿಗೆ ಮೊದ್ಲು ನೀರು ತೋರಿಸಬ್ಯಾಡ್ರಿ, ಗಾಳಿ ತೋರಿಸ್ರಿ” ಎಂದರು.

ಆ ಒಂದು ಮಾತಿನಲ್ಲಿ ರಸಾಯನಶಾಸ್ತ್ರದ ಒಂದು ಅಧ್ಯಾಯವೇ ಇದೆ. ಕೆಂಧೂಳು ಕಬ್ಬಿಣದ ಆಕ್ಸೈಡು. ಒಣಗಿದ್ದಾಗ ಕೊಡವಿದರೆ, ಕುಂಚದಿಂದ ಉಜ್ಜಿದರೆ, ಬಹುಪಾಲು ಉದುರಿಹೋಗುತ್ತದೆ. ನೆನೆಸಿದರೆ ನೂಲಿನೊಳಕ್ಕೆ ಇಳಿಯುತ್ತದೆ. ಸಾಬೂನು, ಸೋಡಗಳಿಗೆ ಅದು ಕರಗದು. ಕ್ಲೋರಿನ್ನಿನ ಬ್ಲೀಚು ಅದನ್ನು ಗಟ್ಟಿ ಮಾಡುತ್ತದೆ. ಕರಗಿಸಬೇಕಾದರೆ ಹುಳಿ ಬೇಕು. ನಿಂಬೆಯ ರಸಕ್ಕೆ ಉಪ್ಪು ಬೆರಸಿ ಬಿಳಿಯ ಹತ್ತಿಬಟ್ಟೆಯ ಕಲೆಗೆ ಹಚ್ಚಿ, ಸ್ವಲ್ಪ ಹೊತ್ತು ಬಿಸಿಲಿಗೆ ಒಡ್ಡಿ, ಚೆನ್ನಾಗಿ ಜಾಲಿಸಿದರೆ ಕಲೆ ತಗ್ಗುತ್ತದೆ. ಆದರೆ ಬ್ಲೀಚು ಹಾಕಿದ ಬಟ್ಟೆಗೆ ಮಾತ್ರ ಹುಳಿಯನ್ನು ಹಾಕಲಾಗದು. ಎರಡೂ ಸೇರಿದರೆ ಕ್ಲೋರಿನ್ ಎಂಬ ವಿಷವಾಯು ಹೊರಡುತ್ತದೆ.

ಇದರಿಂದ ಹೊರಡುವ ಸೂತ್ರ ಸರಳವಾದದ್ದು: ಕೊಳೆಯ ಜಾತಿಯನ್ನು ಅರಿತು ಮದ್ದು ಕೊಡಬೇಕು. ಧೂಳಿಗೆ ಗಾಳಿ ಮತ್ತು ಪೊರಕೆ, ಜಿಡ್ಡಿಗೆ ಕ್ಷಾರ, ಲೋಹದ ಕಿಲುಬಿಗೆ ಹುಳಿ. ಸಾರಿಗೆ ಹಿಂಡಿ ಉಳಿದ ಹುಣಸೆಹಣ್ಣಿನ ಚರಟಕ್ಕೆ ಚಿಟಿಕೆ ಉಪ್ಪು ಸೇರಿದರೆ ಹಿತ್ತಾಳೆಯ ಪಾತ್ರೆ ಬೆಳಗುತ್ತದೆ. ಜಿಡ್ಡಿನ ಪಾತ್ರೆಗೆ ನಮ್ಮ ಹಿರಿಯರು ಬಳಸಿದ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಎಂಬ ಕ್ಷಾರವಿದೆ. ಒಲೆಯ ಬೂದಿ ಇಲ್ಲದ ಪಟ್ಟಣದ ಮನೆಗಳಲ್ಲಿ ಚಿಟಿಕೆ ಬಟ್ಟೆ ಸೋಡವೂ ಬಿಸಿನೀರೂ ಸಾಕು. ಉಜ್ಜಲು ಬಲಿತು ಒಣಗಿದ ಹೀರೇಕಾಯಿಯ ನಾರು, ತೆಂಗಿನ ನಾರು. ಇನ್ನು ಅಡಿಗೆ ಸೋಡಕ್ಕೆ ನಿಂಬೆರಸ ಹಿಂಡಿ ಬುಸುಬುಸು ನೊರೆಯನ್ನು ನೋಡಿ ಹಿಗ್ಗುವವರುಂಟು. ಕ್ಷಾರವೂ ಹುಳಿಯೂ ಒಂದನ್ನೊಂದು ಕೊಂದುಕೊಂಡು ಗಾಳಿಗುಳ್ಳೆ ಬಿಡುತ್ತವೆಯೆ ಹೊರತು ಕೊಳೆಗೆ ವಿಶೇಷ ಹಾನಿಯಿಲ್ಲ. ನೊರೆ ಬೇರೆ, ಶುಚಿ ಬೇರೆ.

ರೇಷ್ಮೆ, ಉಣ್ಣೆಗಳಿಗೆ ಅಂಟುವಾಳಕ್ಕಿಂತ ಸೌಮ್ಯವಾದದ್ದು ಅಪರೂಪ. ಹತ್ತು ಹನ್ನೆರಡು ಕಾಯಿಗಳ ಬೀಜ ತೆಗೆದು, ರಾತ್ರಿ ನೆನೆಯಿಟ್ಟು, ಬೆಳಗ್ಗೆ ಕಿವುಚಿ ಸೋಸಿದರೆ ಇಳಕಲ್ ಸೀರೆಯನ್ನು ಒಗೆಯಲು ಬೇಕಾದ ನೊರೆನೀರು ಸಿದ್ಧ. ಅಕ್ಕಸಾಲಿಗರು ಒಡವೆ ತೊಳೆಯುವುದೂ ಇದರಲ್ಲಿಯೇ. ಬೂದಿನೀರು, ಸೋಡಗಳು ಇವುಗಳಿಗೆ ಸಲ್ಲವು. ರೇಷ್ಮೆ, ಉಣ್ಣೆಗಳು ಪ್ರಾಣಿಜನ್ಯವಾದ ಎಳೆಗಳು, ಕ್ಷಾರಕ್ಕೆ ಸವೆಯುತ್ತವೆ. ಹಳೆಯದೆಲ್ಲವೂ ನಿರಪಾಯವೆಂದೂ ತಿಳಿಯಬಾರದು. ಅಂಟುವಾಳದ ರಸ ಮೀನಿಗೆ ವಿಷ, ಕಣ್ಣಿಗೆ ಉರಿ. ಕೆರೆಕುಂಟೆಗಳಲ್ಲಿ ಅದನ್ನು ಸುರಿಯಲಾಗದು.

ನಮ್ಮ ಕಡೆಯ ಮನೆಗಳ ನೆಲಕ್ಕೆ ಶಹಾಬಾದು ಕಲ್ಲು ಇಲ್ಲವೆ ಕಡಪ ಕಲ್ಲು. ಇವೆರಡೂ ಸುಣ್ಣಕಲ್ಲುಗಳು; ಕಕ್ಕಸಿಗೆ ಹಾಕುವ ಆಸಿಡ್ಡನ್ನಾಗಲಿ, ನಿಂಬೆ ಹುಣಸೆಗಳನ್ನಾಗಲಿ ಸೋಕಿಸಿದರೆ ಹೊಳಪು ಹೋಗಿ ನೆಲ ಮಂಕಾಗುತ್ತದೆ. ಒಣಪೊರಕೆಯಿಂದ ಧೂಳು ತೆಗೆದು, ಹಿಂಡಿದ ಬಟ್ಟೆಯಿಂದ ಒರೆಸುವುದೇ ದಿನದಿನಕ್ಕೆ ಸಾಕು. ಬಟ್ಟೆ ಜಾಲಿಸಿದ ಕೊನೆಯ ನೀರು ಆ ಕೆಲಸಕ್ಕೆ ಒದಗುತ್ತದೆ. ಆಮೇಲೆ ಅದೇ ನೀರು ಕಕ್ಕಸಿಗೆ. ಆದರೆ ಸೋಡದ ನೀರನ್ನು ಗಿಡಗಳಿಗೆ ನಿತ್ಯವೂ ಹಾಕುವುದು ತರವಲ್ಲ. ಸೋಡಿಯಂ ಸೇರಿದ ಎರೆಮಣ್ಣು ಬಿರುಸಾಗಿ ಬೇರಿಗೆ ಉಸಿರು ಕಟ್ಟುತ್ತದೆ. ಅಚ್ಚುಕಟ್ಟಿನ ಚೌಳು ಭೂಮಿಯನ್ನು ಕಂಡ ನಮ್ಮ ರೈತರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅಕ್ಕಿ ತೊಳೆದ ನೀರನ್ನು ಗಿಡಗಳಿಗೆ ಹಾಕೋಣ. ಕಂಪ್ಲಿಯ ಅಕ್ಕಿಯ ಅನ್ನ ಬಸಿದ ಗಂಜಿಯನ್ನು ತೆಳ್ಳಗೆ ಮಾಡಿ ಹತ್ತಿಬಟ್ಟೆಗೆ ಹಾಕೋಣ. ಇನ್ನು ಬಿಸಿಲು: ನಮ್ಮ ಬಯಲುಸೀಮೆಗೆ ದೇವರು ಕೈಬಿಚ್ಚಿ ಕೊಟ್ಟಿರುವ, ಬೆಲೆಯಿಲ್ಲದ ಕ್ರಿಮಿನಾಶಕ.

ಇಷ್ಟನ್ನೆಲ್ಲ ಕಲಿತ ಹೆಮ್ಮೆಯಲ್ಲಿ ನಾವು ಒಂದು ದಿನ ಮನೆಯಲ್ಲಿ ಬೂದಿಯ ಮಹಿಮೆಯನ್ನು ಸಾವಿಸ್ತಾರವಾಗಿ ವರ್ಣಿಸಿದೆವು. ಮನೆಯಾಕೆ ಎಲ್ಲವನ್ನೂ ಕೇಳಿ, “ಬೂದಿ ಒಳ್ಳೇದು ಅಂತ ನೀವು ಹೇಳ್ತೀರಿ. ಅದನ್ನ ಜರಡಿ ಹಿಡಿಯೋರು ಯಾರ್ರೀ?” ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಆ ಪ್ರಶ್ನೆಯನ್ನು ನಾವು ಇಂದಿಗೂ ಮರೆತಿಲ್ಲ. ಉಳಿತಾಯದ ಸೊಗಸನ್ನು ಹೊಗಳುವವರು ಗಂಡಸರು, ಅದರ ಭಾರ ಹೊರುವವರು ಹೆಂಗಸರು, ಇಲ್ಲವೆ ಮನೆಗೆಲಸಕ್ಕೆ ಬರುವ ಬಡವರು ಎಂದಾದರೆ, ಅಲ್ಲಿ ಉಳಿದದ್ದೇನು? ಮತ್ತೊಬ್ಬರ ಬೆನ್ನಿನಿಂದ ಕಿತ್ತುಕೊಂಡದ್ದು ಮಿತವ್ಯಯವಾಗದು. ಹನ್ನೆರಡನೆಯ ಶತಮಾನದಲ್ಲಿಯೇ ಮಡಿವಾಳ ಮಾಚಯ್ಯನವರು ಬಟ್ಟೆ ಒಗೆಯುವುದನ್ನು ಕಾಯಕವೆಂದು ಎತ್ತಿಹಿಡಿದ ನಾಡು ನಮ್ಮದು. ಆ ಕೆಲಸಕ್ಕೆ ಕೈಹಚ್ಚಲು ಓದಿದವರು ನಾಚಬೇಕಾಗಿಲ್ಲ. ಈಗ ಭಾನುವಾರಗಳಂದು ಬಟ್ಟೆ ಕೊಡವುವುದು, ಅಂಟುವಾಳ ಕಿವುಚುವುದು, ನೆಲ ಒರೆಸುವುದು ನಮ್ಮ ಪಾಲಿಗೆ ಬಂದಿದೆ. ಅಂದಿನಿಂದ ಪುಡಿಯ ಖರ್ಚು ತಗ್ಗಿತು. ಏಕೆಂದರೆ ಕೈಯಾರೆ ಜಾಲಿಸುವವನಿಗೆ ಮಾತ್ರ ಹೆಚ್ಚು ಪುಡಿ ಹಾಕಿದರೆ ಎಷ್ಟು ಬಿಂದಿಗೆ ನೀರು ಹೆಚ್ಚು ಬೇಕೆಂಬುದು ತಿಳಿಯುತ್ತದೆ.

ಎಲ್ಲವನ್ನೂ ಒಂದೇ ದಿನದಲ್ಲಿ ಬಿಟ್ಟು ಹಿಂದಿನ ಕಾಲಕ್ಕೆ ಹೋಗಿರೆಂದು ನಾವು ಹೇಳುವುದಿಲ್ಲ. ಪುಡಿಯನ್ನು ಈಗ ಹಾಕುವುದರ ಅರ್ಧಕ್ಕೆ ಇಳಿಸಿ ನೋಡೋಣ, ತೊಳೆಯುವ ಮುನ್ನ ಕೊಡವೋಣ, ಕೆಲಸವನ್ನು ಹಂಚಿಕೊಳ್ಳೋಣ. ನಮ್ಮ ಮನೆ ಮಡಿಯಾಗುವುದು ಹೊಳೆ ಮೈಲಿಗೆಯಾಗಿ ಅಲ್ಲ. ಕಂಪ್ಲಿಯ ತಾಯಿಯೊಬ್ಬಳು ನಾಳೆ ಬಿಂದಿಗೆ ತುಂಬುವ ನೀರಿನಲ್ಲಿ ಇಂದಿನ ನಮ್ಮ ಬಚ್ಚಲೂ ಇದೆಯೆಂಬುದನ್ನು ನೆನೆದರೆ ಸಾಕು, ಕೈ ತಾನಾಗಿಯೇ ಹಿಡಿತಕ್ಕೆ ಬರುತ್ತದೆ.