ತೂಬಿನ ಲೆಕ್ಕ, ಗೂಡಿನ ಲೆಕ್ಕ

ಹಡಗಲಿ, ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಗಳ ಈ ಮಳೆಗೊರತೆಯ ಸೀಮೆಯಲ್ಲಿ ಬೇಸಾಯವು ಬಹುಕಾಲ ಕೆರೆಗಳನ್ನು ನೆಚ್ಚಿಕೊಂಡೇ ಬಂದುದರಿಂದ, ಏರಿ ಎಲ್ಲಿ ಸೋರುತ್ತದೆ, ತೂಬನ್ನು ಯಾವಾಗ ಎಷ್ಟು ತೆರೆಯಬೇಕು ಎಂಬ ತಿಳಿವಳಿಕೆಯು ನೀರುಗಂಟಿಗಳಲ್ಲಿ, ಎಂದರೆ ಕೆರೆಯ ನೀರು ಹಂಚುವ ಹೊಣೆ ಹೊತ್ತವರಲ್ಲಿ, ಬರಹವಿಲ್ಲದೆಯೇ ಉಳಿದುಬಂದಿದೆ. ನಾಡಿನ ಇಂಥ ಅರಿವೂ ಪಾಶ್ಚಾತ್ಯ ವಿಜ್ಞಾನವೂ ಪರಿಸರ ರಕ್ಷಣೆಯಲ್ಲಿ ಒಂದನ್ನೊಂದು ಹೇಗೆ ಬೇಡುತ್ತವೆ ಎಂಬುದನ್ನು ಕಾಣಲು ಈ ಸೀಮೆಯವರು ದೂರ ಹೋಗಬೇಕಿಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರವೇ ಇದೆ.

ನೀರಾವರಿಗೆಂದು ಕಟ್ಟಿದ ಈ ಹಳೆಯ ಕೆರೆಯನ್ನು 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. 98.76 ಹೆಕ್ಟೇರ್ ವಿಸ್ತಾರದ ಈ ತಾಣ ರಾಮ್ಸಾರ್ ಪಟ್ಟಿಗೆ, ಎಂದರೆ 1971ರಲ್ಲಿ ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಆದ ಒಪ್ಪಂದದನ್ವಯ ಗುರುತಿಸುವ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದ ಸುದ್ದಿ 2024ರ ಜನವರಿಯಲ್ಲಿ ಪ್ರಕಟವಾಯಿತು. ಒಂದು ನೀರುಹಕ್ಕಿ ಜಾತಿಯ ಒಂದು ಪ್ರಾದೇಶಿಕ ಸಮುದಾಯದಲ್ಲಿ ಶೇ. 1ರಷ್ಟಾದರೂ ಒಂದೆಡೆ ನೆಲೆಸುತ್ತಿದ್ದರೆ ಆ ತಾಣ ಜಗತ್ತಿಗೇ ಮುಖ್ಯವೆಂಬುದು ಆ ಒಪ್ಪಂದದ ಅಳತೆಗೋಲುಗಳಲ್ಲೊಂದು; ಬಣ್ಣದ ಕೊಕ್ಕರೆ ಮತ್ತು ಕರಿತಲೆಯ ಕೆಂಬರಲುಗಳ ಎಣಿಕೆಯಲ್ಲಿ ಅಂಕಸಮುದ್ರ ಅದನ್ನು ದಾಟಿದೆ.

ಆದರೆ ಎಣಿಕೆಯಿಂದ ಕೆರೆಯಲ್ಲಿ ನೀರು ನಿಲ್ಲುವುದಿಲ್ಲ. ಗೂಡುಗಳಿರುವ ಕರಿಜಾಲಿಯ ಬುಡದಲ್ಲಿ ನೀರಿದ್ದಷ್ಟು ಕಾಲ ನಾಯಿ, ಕಾಡುಬೆಕ್ಕುಗಳು ಅತ್ತ ಸುಲಭವಾಗಿ ಸುಳಿಯಲಾರವು, ಕೊಂಬೆಯ ಮುಳ್ಳೂ ಗೂಡಿಗೆ ಕಾವಲಾಗುತ್ತದೆ, ಕೆಳಗೆ ಬಿದ್ದ ಹಿಕ್ಕೆ ನೀರಿನಲ್ಲಿ ಕರಗಿ ತೂಬಿನ ಮೂಲಕ ಗದ್ದೆಗೆ ಗೊಬ್ಬರವಾಗಿ ಹೋಗುತ್ತದೆ. ಬಣ್ಣದ ಕೊಕ್ಕರೆಯ ಮೊಟ್ಟೆಗೆ ಸುಮಾರು 1 ತಿಂಗಳ ಕಾವು, ಮರಿ ರೆಕ್ಕೆ ಬಲಿತು ಹಾರಲು ಇನ್ನೂ ಸುಮಾರು 2 ತಿಂಗಳು ಬೇಕೆಂದು ಪಕ್ಷಿವಿಜ್ಞಾನ ಹೇಳಬಲ್ಲದು. ಆ 3 ತಿಂಗಳು ಗದ್ದೆಯನ್ನೂ ಒಣಗಿಸದೆ ಮರದ ಬುಡವನ್ನೂ ಬರಿದುಮಾಡದೆ ತೂಬು ನಡೆಸುವ ಕೈಯಾದರೋ ನೀರುಗಂಟಿಯದು. ಬೇಸಿಗೆಯಲ್ಲಿ ಕೆರೆಗೋಡನ್ನು, ಎಂದರೆ ತಳದ ಫಲವತ್ತಾದ ಹೂಳನ್ನು, ಹೊಲಕ್ಕೆ ಹೊಡೆಯುವ ರೈತರಿಗೂ ಎಲ್ಲಿ ಅಗೆದರೆ ಜಾಲಿಯ ಬೇರು ಸಡಿಲವಾಗುತ್ತದೆಂಬ ಅಂದಾಜಿರುತ್ತದೆ. ಯಂತ್ರದಿಂದ ಹೂಳೆತ್ತುವ ಯೋಜನೆಗಳು ಕೇಳಲೇಬೇಕಾದ ಮಾತು ಇದು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯು ಇಂಥ ಮೀಸಲುಗಳನ್ನು ಸ್ಥಳೀಯರೊಡನೆ ಸಮಾಲೋಚಿಸಿಯೇ ಘೋಷಿಸಬೇಕೆಂದು ವಿಧಿಸಿ, ನಿರ್ವಹಣಾ ಸಮಿತಿಯಲ್ಲಿ ಅರಣ್ಯ ಇಲಾಖೆಯ ಜೊತೆಗೆ ಗ್ರಾಮ ಪಂಚಾಯಿತಿ, ಸ್ವಯಂಸೇವಾ ಸಂಸ್ಥೆಗಳು, ಕೃಷಿ ಮತ್ತು ಪಶುಸಂಗೋಪನಾ ಇಲಾಖೆಗಳ ಪ್ರತಿನಿಧಿಗಳಿಗೆ ಸ್ಥಾನ ನೀಡಿದೆ. ತೂಬು ತೆರೆಯುವವನಿಗೆ ಆ ಪಟ್ಟಿಯಲ್ಲಿ ಹೆಸರಿಟ್ಟು ಕೊಟ್ಟ ಸ್ಥಾನವಿಲ್ಲ; ಪಂಚಾಯಿತಿಯು ತನ್ನ ಪ್ರತಿನಿಧಿಯಾಗಿ ನೀರುಗಂಟಿಯನ್ನೇ ಕಳಿಸುವುದಕ್ಕೆ ಮಾತ್ರ ಅಲ್ಲಿ ಯಾವ ಅಡ್ಡಿಯೂ ಇಲ್ಲ.