ಯಂತ್ರದ ಬೆಲೆ ಹೇಳುವವರು ಯಾರು?

ಚಿತ್ರೀಕರಣಕ್ಕೆಂದು ಸಿರುಗುಪ್ಪದ ಒಂದು ರೈಸ್ ಮಿಲ್ಲಿಗೆ ಹೋಗಿದ್ದೆ. ತುಂಗಭದ್ರೆಯ ನೀರು, ಅದರಿಂದ ಭತ್ತ, ಭತ್ತದಿಂದ ಗಿರಣಿ. ಆ ಊರಿನ ಬದುಕು ಸಾಗುವ ಬಗೆ ಇದು. "ಈ ಯಂತ್ರಗಳ ಬೆಲೆ ಎಷ್ಟಾದೀತು?" ಎಂದು ಮಾಲೀಕರನ್ನು ಕೇಳಿದೆ. ಅವರು ನಕ್ಕು, "ಯಾರಿಗೆ ಹೇಳ್ಬೇಕ್ರಿ, ಬ್ಯಾಂಕಿನೋರಿಗಾ, ಗುಜರಿಯೋರಿಗಾ?" ಎಂದರು.

ತಮಾಷೆಯ ಮಾತಾದರೂ ಅದರಲ್ಲಿ ಸತ್ಯವಿದೆ. ಉದ್ದೇಶ ಬದಲಾದರೆ ಬೆಲೆಯೂ ಬದಲಾಗುತ್ತದೆ. ಅಡಿಪಾಯದ ಮೇಲೆ ನಿಂತು ಉಗಿ ಕೊಡುವ ಬಾಯ್ಲರಿನ ಬೆಲೆ ಒಂದು. ಅದನ್ನೇ ಕಳಚಿ ಲಾರಿಗೆ ಏರಿಸಿದರೆ ಬರುವ ಬೆಲೆ ಇನ್ನೊಂದು.

ಲೆಕ್ಕಪುಸ್ತಕ ನೋಡಿದರೆ ಸಾಲದೇ? ಸಾಲದು. ಆದಾಯ ತೆರಿಗೆಯ ಲೆಕ್ಕದಲ್ಲಿ ಸಾಮಾನ್ಯ ಯಂತ್ರಗಳಿಗೆ ವರ್ಷಕ್ಕೆ ಶೇಕಡ 15ರಷ್ಟು ಸವಕಳಿ. ಹತ್ತು ಲಕ್ಷ ರೂಪಾಯಿಯ ಯಂತ್ರ ಐದು ವರ್ಷಗಳಲ್ಲಿ ಸುಮಾರು 4.44 ಲಕ್ಷಕ್ಕೆ ಇಳಿಯುತ್ತದೆ. ಆದರೆ ಅದು ಹಗಲೂ ರಾತ್ರಿ ಓಡಿತೇ, ಎಣ್ಣೆ ಕಂಡಿತೇ ಎಂಬುದು ಈ ಸೂತ್ರಕ್ಕೆ ತಿಳಿಯದು.

ತಪ್ಪು ಬೆಲೆಯಿಂದಾಗುವ ನಷ್ಟವನ್ನು ಒಂದು ಕಲ್ಪಿತ ಲೆಕ್ಕದಲ್ಲಿ ನೋಡೋಣ. ಗಿರಣಿಯ ಯಂತ್ರಗಳ ನಿಜವಾದ ಮೌಲ್ಯ 60 ಲಕ್ಷ. ಕಂತು ಉಳಿಸಲೆಂದು ಮಾಲೀಕರು 30 ಲಕ್ಷಕ್ಕಷ್ಟೇ ವಿಮೆ ಮಾಡಿಸಿದ್ದಾರೆ. ಬೆಂಕಿ ಬಿದ್ದು 20 ಲಕ್ಷ ಹಾನಿಯಾಯಿತು. ವಿಮೆ ಅರ್ಧ ಮೌಲ್ಯಕ್ಕೆ ಇದ್ದುದರಿಂದ ಪರಿಹಾರವೂ ಸಾಮಾನ್ಯವಾಗಿ ಅರ್ಧವೇ, ಅಂದರೆ 10 ಲಕ್ಷ. ಉಳಿದ ಹತ್ತು ಲಕ್ಷ ಹೊಂದಿಸುವವರೆಗೆ ಗಿರಣಿ ನಿಂತರೆ ಹಮಾಲರ ದಿನಗೂಲಿಯೂ ನಿಲ್ಲುತ್ತದೆ.

ಪರಿಣತ ಮೌಲ್ಯಮಾಪಕರು ಕಣ್ಣಂದಾಜಿನಲ್ಲಿ ಬೆಲೆ ಹೇಳುವುದಿಲ್ಲ. ಯಂತ್ರದ ಫಲಕದಲ್ಲಿರುವ ತಯಾರಕರ ಹೆಸರು, ವರ್ಷ, ಸಾಮರ್ಥ್ಯವನ್ನು ಬರೆದುಕೊಳ್ಳುತ್ತಾರೆ. ಓಡಿಸಿ ನೋಡಿ ಅದುರುವಿಕೆ, ಬೇರಿಂಗಿನ ಬಿಸಿ, ವಿದ್ಯುತ್ ಬಳಕೆಯನ್ನು ಗಮನಿಸುತ್ತಾರೆ. ರಿಪೇರಿ ಬಿಲ್ಲುಗಳನ್ನು ಕೇಳುತ್ತಾರೆ. ಬಳ್ಳಾರಿಯ ಜೀನ್ಸ್ ಘಟಕಗಳ ಹೊಲಿಗೆ ಯಂತ್ರಗಳಿಗೆ ಹಳೆಯ ಮಾಲಿನ ಪೇಟೆ ಇರುವುದರಿಂದ ಅಲ್ಲಿನ ದರದೊಡನೆ ಹೋಲಿಸಬಹುದು. ಕುರುಗೋಡಿನ ಗದ್ದೆಗಿಳಿಯುವ ಭತ್ತ ಕೊಯ್ಯುವ ಯಂತ್ರಕ್ಕೆ ವಯಸ್ಸಿಗಿಂತ ಅದು ಓಡಿದ ಗಂಟೆಗಳೇ ಮುಖ್ಯ. ಪೇಟೆಯಲ್ಲಿ ಹೋಲಿಕೆ ಸಿಗದ ಬಾಯ್ಲರಿಗೆ, ಇಂದು ಹೊಸದನ್ನು ಕೂರಿಸುವ ವೆಚ್ಚದಿಂದ ಸವೆತವನ್ನೂ ಹಳತಾದ ತಂತ್ರಜ್ಞಾನದ ಕೊರತೆಯನ್ನೂ ಕಳೆಯಬೇಕು.

ಕಾನೂನೂ ಇದನ್ನು ಮನ್ನಿಸಿದೆ. 2013ರ ಕಂಪನಿ ಕಾಯ್ದೆಯ 247ನೆಯ ಕಲಮು ಮತ್ತು 2017ರ ನಿಯಮಗಳ ಪ್ರಕಾರ ನೋಂದಾಯಿತ ಮೌಲ್ಯಮಾಪಕರಿದ್ದಾರೆ. ಯಂತ್ರೋಪಕರಣಗಳದ್ದೇ ಒಂದು ಪ್ರತ್ಯೇಕ ವಿಭಾಗವಿದೆ. ತರಬೇತಿ ಪಡೆದು ಪರೀಕ್ಷೆ ಪಾಸಾಗಬೇಕು. ತಾವು ಬೆಲೆ ಕಟ್ಟುವ ಆಸ್ತಿಯಲ್ಲಿ ಅವರಿಗೆ ಸ್ವಂತ ಲಾಭ ಇರಕೂಡದು. ಮಾರುವವನ ಆಸೆಗೂ ಕೊಳ್ಳುವವನ ಚೌಕಾಸಿಗೂ ಹೊರಗೆ ನಿಂತವರ ಮಾತಿಗೇ ತೂಕ. ಇಂಜಿನಿಯರಿಂಗ್ ಓದುವವರಿಗೆ ಇದೂ ಒಂದು ವೃತ್ತಿ.

ರಜೆಯಲ್ಲಿ ನಿಮ್ಮೂರಿನ ಗಿರಣಿಗೆ ಹೋದಾಗ, ಅನುಮತಿ ಪಡೆದು, ನಿಂತ ಯಂತ್ರವೊಂದರ ಫಲಕವನ್ನು ಓದಿ ಬನ್ನಿ. ಅದರ ಬೆಲೆ ಎಷ್ಟೆಂದು ಕೇಳುವ ಮೊದಲು, ಯಾವುದಕ್ಕಾಗಿ ಆ ಬೆಲೆ ಎಂದು ಕೇಳಿ.